2 ಸೆಂಟಿಮೀಟರ್ ಲೇಬಲ್ 2.01 ಆದದ್ದು ಹೇಗೆ: ಲಿಸನರ್‌ಗಳ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಲೇಬಲ್‌ಗಳನ್ನು ವಿನ್ಯಾಸ ಮಾಡಿ, ಹಾಳೆಯ ಮೇಲೆ ಸಾಲಾಗಿ ಜೋಡಿಸಿ ಮುದ್ರಿಸುವ ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್. ಬರೆದದ್ದು ಜಾವಾದಲ್ಲಿ, ಪರದೆಯ ಕೆಲಸಕ್ಕೆ ಜಾವಾಎಫ್‌ಎಕ್ಸ್ 17. ತಂಡ ಚಿಕ್ಕದು. ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ, ಅಪ್ಲಿಕೇಶನ್ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ನಾನು ಕೋಡ್ ಪರಿಶೀಲನೆಗೆ ಅಂತ ಹೊರಗಿನಿಂದ ಸೇರಿಕೊಂಡವನು.

ಈ ಪ್ರಕರಣಕ್ಕೆ ಬೇಕಾದ ಪರದೆ ಒಂದೇ, ಲೇಬಲ್‌ನ ಅಳತೆ ತುಂಬುವ ಫಾರ್ಮ್. ಎತ್ತರಕ್ಕೆ ಪಕ್ಕಪಕ್ಕದಲ್ಲಿ ಎರಡು ಫೀಲ್ಡ್‌ಗಳು, ಒಂದು ಸೆಂಟಿಮೀಟರ್‌ನಲ್ಲಿ, ಇನ್ನೊಂದು ಇಂಚಿನಲ್ಲಿ. ಅಗಲಕ್ಕೂ ಹಾಗೇ. ಒಂದರಲ್ಲಿ ಟೈಪ್ ಮಾಡಿದರೆ ಇನ್ನೊಂದು ತಾನಾಗಿ ಬದಲಾಗಬೇಕು. ಬಲಗಡೆ ಲೇಬಲ್‌ನ ಪ್ರಿವ್ಯೂ. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇತ್ತು: ಅಳತೆಗಳನ್ನು ಎರಡು ದಶಮಾಂಶ ಸ್ಥಾನದವರೆಗೆ ತೋರಿಸಬೇಕಾ, ಮೂರರವರೆಗಾ ಅಂತ.

ಜಾವಾಎಫ್‌ಎಕ್ಸ್ ಬಳಸದವರಿಗೆ ಎರಡು ಮಾತು. ಅಲ್ಲಿ ಬದಲಾಗುವ ಪ್ರತಿ ಮೌಲ್ಯವೂ ಒಂದು ಪ್ರಾಪರ್ಟಿ. ಪ್ರಾಪರ್ಟಿಗೆ ಲಿಸನರ್ ಸೇರಿಸಬಹುದು. ಮೌಲ್ಯ ಬದಲಾದ ಕೂಡಲೇ ಆ ಲಿಸನರ್ ಓಡುತ್ತದೆ. ಲಿಸನರ್‌ಗಳಲ್ಲಿ ಎರಡು ಬಗೆ. ಚೇಂಜ್ ಲಿಸನರ್‌ಗೆ ಹಳೆಯ ಮೌಲ್ಯ, ಹೊಸ ಮೌಲ್ಯ ಎರಡೂ ಸಿಗುತ್ತವೆ. ಇನ್‌ವ್ಯಾಲಿಡೇಶನ್ ಲಿಸನರ್‌ಗೆ ಸಿಗುವುದು "ಈಗ ಇರುವ ಮೌಲ್ಯ ಹಳತಾಗಿದೆ" ಅನ್ನುವ ಸುದ್ದಿ ಮಾತ್ರ. ಎರಡಕ್ಕೂ ಸಿಗದ ಒಂದು ಸಂಗತಿ ಇದೆ: ಬದಲಾಯಿಸಿದ್ದು ಯಾರು? ಬಳಕೆದಾರ ಕೀಬೋರ್ಡ್ ಒತ್ತಿದ್ದರಿಂದ ಬದಲಾಯಿತೋ, ನಮ್ಮದೇ ಕೋಡ್ ಬದಲಾಯಿಸಿತೋ, ಲಿಸನರ್‌ಗೆ ಎರಡೂ ಒಂದೇ. ಈ ಪ್ರಕರಣದ ಬೇರು ಇರುವುದು ಅಲ್ಲೇ.

ಎಲ್ಲ ಕಡೆ ಹೀಗಿಲ್ಲ ಅನ್ನುವುದನ್ನೂ ಗಮನಿಸಬೇಕು. ಕ್ಯೂಟಿ ಅನ್ನುವ ಇನ್ನೊಂದು ಯುಐ (ಪರದೆ) ಚೌಕಟ್ಟಿನ ಲೈನ್ ಎಡಿಟ್‌ನಲ್ಲಿ, ಅಂದರೆ ಒಂದು ಸಾಲಿನ ಪಠ್ಯ ಫೀಲ್ಡ್‌ನಲ್ಲಿ, ಇದಕ್ಕೆಂದೇ ಎರಡು ಬೇರೆ ಸಿಗ್ನಲ್‌ಗಳಿವೆ. ಟೆಕ್ಸ್ಟ್‌ಚೇಂಜ್ಡ್ ಯಾರು ಬದಲಾಯಿಸಿದರೂ ಬರುತ್ತದೆ, ಟೆಕ್ಸ್ಟ್‌ಎಡಿಟೆಡ್ ಬಳಕೆದಾರನೇ ಬದಲಾಯಿಸಿದರೆ ಮಾತ್ರ. ಬ್ರೌಸರ್‌ನಲ್ಲಿ ಸ್ಕ್ರಿಪ್ಟ್‌ನಿಂದ ಇನ್‌ಪುಟ್‌ನ ಮೌಲ್ಯ ಬದಲಾಯಿಸಿದರೆ ಇನ್‌ಪುಟ್ ಈವೆಂಟ್ ಬರುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಕೋಡ್‌ನಿಂದ ಸೆಟ್‌ಟೆಕ್ಸ್ಟ್ ಕರೆದರೂ ಟೆಕ್ಸ್ಟ್ ವಾಚರ್ ಓಡುತ್ತದೆ. ಒಂದು ಕಡೆಯ ಅಭ್ಯಾಸ ಇಟ್ಟುಕೊಂಡು ಇನ್ನೊಂದು ಕಡೆ ಬರೆದರೆ ತೊಂದರೆ ಖಂಡಿತ. ಇಲ್ಲಿ ಫಾರ್ಮ್ ಬರೆದವರು ಮೊದಲು ವೆಬ್ ಕೆಲಸ ಮಾಡಿದ್ದವರು.

ಸಮಸ್ಯೆ ಕಾಣಿಸಿಕೊಂಡ ಬಗೆ

ದೂರು ಬಂದದ್ದು ಮುದ್ರಣದ ಬಗ್ಗೆ. 2 ಸೆಂಟಿಮೀಟರ್ ಎತ್ತರದ ಲೇಬಲ್‌ಗಳನ್ನು ಎ4 ಹಾಳೆಯ ಮೇಲೆ 14 ಸಾಲು ಮುದ್ರಿಸಿದರೆ ಮೇಲಿನ ಸಾಲುಗಳು ಸರಿಯಾಗಿ ಕೂರುತ್ತಿದ್ದವು, ಕೆಳಗಿನವು ಜಾರುತ್ತಿದ್ದವು. ಕೊನೆಯ ಸಾಲಿನಲ್ಲಿ ಅಕ್ಷರಗಳು ಕತ್ತರಿಸುವ ಗೆರೆಗೆ ತಾಗುತ್ತಿದ್ದವು. ಸಹಜವಾಗಿಯೇ ಎಲ್ಲರೂ ಪ್ರಿಂಟರ್ ಮೇಲೆ ಅನುಮಾನಪಟ್ಟರು. ಮಾರ್ಜಿನ್ ಇರಬಹುದು, ಹಾಳೆಗೆ ಹೊಂದಿಸುವ ಸ್ಕೇಲಿಂಗ್ ಇರಬಹುದು, ಡ್ರೈವರ್ ಇರಬಹುದು. ಇವನ್ನೆಲ್ಲ ಬದಲಾಯಿಸಿ ನೋಡಿದ್ದಾಯಿತು. ಏನೂ ಆಗಲಿಲ್ಲ.

ಟೆಸ್ಟರ್ ಒಬ್ಬರು ಉಳಿಸಿದ ಫೈಲನ್ನೇ ತೆರೆದು ನೋಡಿದರು. ಎತ್ತರ 2.01 ಅಂತ ಇತ್ತು. ಒಂದು ಲೇಬಲ್‌ಗೆ 0.1 ಮಿಲಿಮೀಟರ್ ಜಾಸ್ತಿ. 14ನೇ ಸಾಲು ಶುರುವಾಗುವ ಹೊತ್ತಿಗೆ ಅದು 1.3 ಮಿಲಿಮೀಟರ್ ಆಗಿರುತ್ತದೆ. ಜಾರುತ್ತಿದ್ದದ್ದು ಸರಿಯಾಗಿ ಅಷ್ಟೇ. ಪ್ರಿಂಟರ್ ತನಗೆ ಹೇಳಿದ್ದನ್ನೇ ಮಾಡುತ್ತಿತ್ತು.

ಹಾಗಾದರೆ 2.01 ಬರೆದವರು ಯಾರು? ಬಳಕೆದಾರರನ್ನು ಕೇಳಿದರೆ "ನಾವು 2 ಅಂತಲೇ ಹಾಕಿದ್ದೆವು" ಅನ್ನುತ್ತಿದ್ದರು. ಜೊತೆಗೆ, ಇದು ಎಲ್ಲ ಲೇಬಲ್‌ಗಳಿಗೂ ಆಗುತ್ತಿರಲಿಲ್ಲ. 3, 5, 8 ಸೆಂಟಿಮೀಟರ್‌ನವು ಚೆನ್ನಾಗಿಯೇ ಇದ್ದವು. 2 ಮತ್ತು 7 ಸ್ವಲ್ಪ ಹಿಗ್ಗಿದ್ದವು, 4 ಮತ್ತು 6 ಸ್ವಲ್ಪ ಕುಗ್ಗಿದ್ದವು. ಮೊದಮೊದಲು ಇದು ಯಾವ ಲೆಕ್ಕಕ್ಕೂ ಸಿಗದ ಹಾಗೆ ಕಂಡಿತು. ಆಮೇಲೆ ಅದೇ ಸುಳಿವಾಯಿತು. 2 ಸೆಂಟಿಮೀಟರನ್ನು 2.54ರಿಂದ ಭಾಗಿಸಿದರೆ 0.787 ಇಂಚು. ಎರಡು ಸ್ಥಾನಕ್ಕೆ ತಂದರೆ 0.79. ಅದನ್ನು ಮತ್ತೆ 2.54ರಿಂದ ಗುಣಿಸಿದರೆ 2.0066, ಅಂದರೆ 2.01. ಅದೇ 5 ಸೆಂಟಿಮೀಟರ್ ತೆಗೆದುಕೊಳ್ಳಿ. 1.97 ಇಂಚು ಆಗುತ್ತದೆ, ಹಿಂದಕ್ಕೆ ತಂದರೆ 5.0038, ಅಂದರೆ 5.00. ಹೋದ ದಾರಿಯಲ್ಲೇ ಸರಿಯಾಗಿ ವಾಪಸ್ ಬರುತ್ತದೆ. 4 ಮಾತ್ರ 3.99 ಆಗಿ ಬರುತ್ತದೆ. ಯಾವುದೋ ಕೋಡ್ ಸೆಂಟಿಮೀಟರನ್ನು ಇಂಚಿಗೆ ತಂದು, ಮತ್ತೆ ಸೆಂಟಿಮೀಟರ್ ಮಾಡಿ ಬರೆಯುತ್ತಿದೆ ಅನ್ನುವುದು ಅಲ್ಲಿಗೆ ಖಚಿತವಾಯಿತು.

ಒಳಗೆ ನಡೆಯುತ್ತಿದ್ದದ್ದು

ಎರಡೂ ಫೀಲ್ಡ್‌ಗಳ ಪಠ್ಯಕ್ಕೆ ಒಂದೊಂದು ಚೇಂಜ್ ಲಿಸನರ್ ಇತ್ತು. ಸೆಂಟಿಮೀಟರ್ ಬದಲಾದರೆ ಡೇಟಾಗೆ (ಫೈಲ್‌ನಲ್ಲಿ ಉಳಿಯುವ ಅಳತೆಗೆ) ಬರೆದು ಇಂಚಿನ ಫೀಲ್ಡ್ ತುಂಬಿಸು. ಇಂಚು ಬದಲಾದರೆ ಡೇಟಾಗೆ ಬರೆದು ಸೆಂಟಿಮೀಟರ್ ಫೀಲ್ಡ್ ತುಂಬಿಸು. ಇಷ್ಟೇ ಬರೆದರೆ ಏನಾಗುತ್ತದೆ ಅಂತ ಯೋಚಿಸಿ. ಬಳಕೆದಾರ 10 ಹಾಕಬೇಕು ಅಂತ ಮೊದಲು 1 ಒತ್ತುತ್ತಾನೆ. ಇಂಚಿನ ಫೀಲ್ಡ್‌ಗೆ 0.39 ಬರುತ್ತದೆ. ಅದರ ಲಿಸನರ್ ಓಡಿ ಸೆಂಟಿಮೀಟರ್‌ಗೆ 0.99 ಬರೆಯುತ್ತದೆ. ಸೊನ್ನೆ ಒತ್ತುವ ಮೊದಲೇ 1 ಹೋಗಿ 0.99 ಕೂತಿರುತ್ತದೆ!

ಇದು ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು. ಹಾಗಾಗಿ ಫಾರ್ಮ್ ಬರೆದವರು ಒಂದು ಫ್ಲ್ಯಾಗ್ ಇಟ್ಟಿದ್ದರು. "ಈಗ ನಾನೇ ಬದಲಾಯಿಸುತ್ತಿದ್ದೇನೆ" ಅನ್ನುವ ಸೂಚನೆ ಅದು. ಫ್ಲ್ಯಾಗ್ ಏರಿದ್ದರೆ ಇನ್ನೊಂದು ಲಿಸನರ್ ಸುಮ್ನೆ ವಾಪಸಾಗುತ್ತಿತ್ತು. ಇದರಲ್ಲಿ ತಪ್ಪೇನಿಲ್ಲ. ಜಾವಾಎಫ್‌ಎಕ್ಸ್‌ನದೇ ದ್ವಿಮುಖ ಬೈಂಡಿಂಗ್ (ಒಂದು ಬದಲಾದರೆ ಇನ್ನೊಂದೂ ಬದಲಾಗುವ ಹಾಗೆ ಎರಡು ಪ್ರಾಪರ್ಟಿಗಳನ್ನು ಕಟ್ಟುವುದು) ಒಳಗೂ ಇಂಥದ್ದೇ ಒಂದು ಫ್ಲ್ಯಾಗ್ ಇದೆ.

ತೊಂದರೆ ಬಂದದ್ದು ದಶಮಾಂಶ ಸ್ಥಾನದ ಆಯ್ಕೆಯನ್ನು ಸೇರಿಸಿದಾಗ. ಆ ಕೆಲಸ ಮಾಡಿದವರು ಬೇರೆಯವರು. ಸೆಟ್ಟಿಂಗ್ಸ್‌ನ ಪ್ರಾಪರ್ಟಿಗೆ ಫಾರ್ಮ್‌ನಿಂದ ಒಂದು ಲಿಸನರ್ ಸೇರಿಸಿದರು. ಸ್ಥಾನ ಬದಲಾದರೆ ಮೊದಲು ಇಂಚಿನ ಫೀಲ್ಡ್‌ನ ಪಠ್ಯವನ್ನು ಹೊಸದಾಗಿ ಬರೆಯುವುದು, ಆಮೇಲೆ ಸೆಂಟಿಮೀಟರ್‌ನದು. ಬರೀ ತೋರಿಸುವ ಕೆಲಸ, ಇದರಿಂದ ಏನಾಗುತ್ತದೆ ಅನ್ನಿಸಿರಬೇಕು. ಫ್ಲ್ಯಾಗ್ ಮುಟ್ಟಿರಲಿಲ್ಲ. ಬಳಕೆದಾರ ಮೂರು ಸ್ಥಾನದಿಂದ ಎರಡಕ್ಕೆ ಬಂದರೆ ಇಂಚಿನ ಫೀಲ್ಡ್ 0.787 ಇದ್ದದ್ದು 0.79 ಆಗುತ್ತಿತ್ತು. ಪಠ್ಯ ಬದಲಾಯಿತಲ್ಲ, ಇಂಚಿನ ಲಿಸನರ್ ಓಡುತ್ತಿತ್ತು. ಬಳಕೆದಾರನೇ 0.79 ಟೈಪ್ ಮಾಡಿದ್ದಾನೆ ಅಂದುಕೊಂಡು ಡೇಟಾಗೆ 2.01 ಬರೆಯುತ್ತಿತ್ತು. ತೋರಿಸುವ ಆಯ್ಕೆಯೊಂದು ಅಳತೆಯನ್ನೇ ಬದಲಾಯಿಸುತ್ತಿತ್ತು.

ಮೊದಲ ಪ್ರಯತ್ನಗಳು

ಒಬ್ಬರ ಸಲಹೆ ತುಂಬಾ ಸುಲಭದ್ದಾಗಿತ್ತು. ಆ ಎರಡು ಸಾಲುಗಳನ್ನು ಅದಲುಬದಲು ಮಾಡೋಣ, ಮೊದಲು ಸೆಂಟಿಮೀಟರ್, ಆಮೇಲೆ ಇಂಚು. ಮಾಡಿ ನೋಡಿದರೆ 2.01 ಬರುವುದು ನಿಜವಾಗಿಯೂ ನಿಂತಿತು. ಸೆಂಟಿಮೀಟರ್ 2.000ದಿಂದ 2.00 ಆಗುತ್ತದೆ, ಅದರ ಲಿಸನರ್ ಇಂಚನ್ನು ಫ್ಲ್ಯಾಗ್ ಹಾಕಿಕೊಂಡೇ 0.79 ಮಾಡುತ್ತದೆ, ಡೇಟಾ 2 ಆಗಿಯೇ ಉಳಿಯುತ್ತದೆ. ಇದನ್ನು ಹಾಗೇ ಬಿಡುಗಡೆ ಮಾಡುವ ಮಾತೂ ಬಂತು.

ತಂಡದ ಹಿರಿಯರು ತಡೆದರು. "ಇಂಚಿನಲ್ಲೇ ಹಾಕಿದ ಲೇಬಲ್‌ಗೆ ಏನಾಗುತ್ತೆ ನೋಡಿದ್ದೀರಾ?" ಅಂತ ಕೇಳಿದರು. 5/8 ಇಂಚಿನ ಲೇಬಲ್, ಅಂದರೆ 0.625. ಸೆಂಟಿಮೀಟರ್‌ನಲ್ಲಿ 1.5875, ಮೂರು ಸ್ಥಾನಕ್ಕೆ 1.588. ಎರಡು ಸ್ಥಾನಕ್ಕೆ ಬದಲಾಯಿಸಿದರೆ 1.59 ಆಗಿ ಅದೇ ಡೇಟಾಗೆ ಹೋಗುತ್ತದೆ. ಹಾನಿ ನಿಂತಿರಲಿಲ್ಲ, ಒಂದು ಗುಂಪಿನ ಬಳಕೆದಾರರಿಂದ ಇನ್ನೊಂದು ಗುಂಪಿನ ಕಡೆಗೆ ಸರಿದಿತ್ತು. ಆ ಸಲಹೆಯನ್ನು ಕೈಬಿಟ್ಟರು. ಈ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ತೀರ್ಮಾನ ಇದು. ಸಾಲುಗಳ ಕ್ರಮ ಬದಲಾಯಿಸಿದಾಗ ಬಗ್ ಹೋಯಿತು ಅಂದರೆ ಆ ಕೋಡ್ ಇನ್ನೂ ಅರ್ಥವಾಗಿಲ್ಲ ಅಂತಲೇ ನಾನು ತೆಗೆದುಕೊಳ್ಳುತ್ತೇನೆ.

ಮುಂದಿನ ಪ್ರಯತ್ನ ಫ್ಲ್ಯಾಗನ್ನು ಎಲ್ಲ ಕಡೆಗೂ ಹರಡುವುದು. ಒಂದು ಹೆಲ್ಪರ್ ಮೆಥಡ್ ಬರೆದು, ಫೀಲ್ಡ್‌ಗಳನ್ನು ಮುಟ್ಟುವ ಎಲ್ಲ ಕೋಡನ್ನೂ ಅದರ ಮೂಲಕವೇ ಹೋಗುವ ಹಾಗೆ ಮಾಡಿದರು. ಅದು ಮೊದಲು ಫ್ಲ್ಯಾಗ್ ಏರಿಸಿ, ಕೆಲಸ ಮಾಡಿ, ಕೊನೆಗೆ ಇಳಿಸುತ್ತಿತ್ತು. ಎರಡು ದಶಮಾಂಶದ ಸಮಸ್ಯೆ ಹೋಯಿತು. ಬದಲಿಗೆ ಇನ್ನೂ ಕೆಟ್ಟದ್ದು ಬಂತು: ಕೆಲವೊಮ್ಮೆ ಫಾರ್ಮ್‌ನಲ್ಲಿ ಟೈಪ್ ಮಾಡಿದ್ದು ಉಳಿಯುತ್ತಲೇ ಇರಲಿಲ್ಲ. ಬಳಕೆದಾರ ಇದ್ದ ಅಂಕಿಯನ್ನೆಲ್ಲ ಅಳಿಸಿ ಹೊಸದು ಹಾಕುವಾಗ ಒಂದು ಕ್ಷಣ ಫೀಲ್ಡ್ ಖಾಲಿ ಇರುತ್ತದೆ. ಖಾಲಿ ಪಠ್ಯವನ್ನು ಅಂಕಿ ಮಾಡಲು ಹೋದರೆ ಎಕ್ಸೆಪ್ಶನ್, ಅಂದರೆ ಮುಂದಿನ ಸಾಲುಗಳು ಓಡದೆ ಕೋಡ್ ಅಲ್ಲೇ ನಿಲ್ಲುವ ದೋಷ. ಫ್ಲ್ಯಾಗ್ ಏರಿದ್ದು ಹಾಗೇ ಉಳಿಯಿತು. ಆಮೇಲಿಂದ ಎಲ್ಲ ಲಿಸನರ್‌ಗಳೂ ಸುಮ್ಮನಾದವು.

ಅಪ್ಲಿಕೇಶನ್ ಬಿದ್ದೇ ಹೋಗಿದ್ದರೆ ಬೇಗ ಗೊತ್ತಾಗುತ್ತಿತ್ತು. ಆದರೆ ಲಿಸನರ್ ಒಳಗೆ ಎದ್ದ ಎಕ್ಸೆಪ್ಶನನ್ನು ಜಾವಾಎಫ್‌ಎಕ್ಸ್ ತಾನೇ ಹಿಡಿದು ಥ್ರೆಡ್‌ನ ಅನ್‌ಕಾಟ್ ಎಕ್ಸೆಪ್ಶನ್ ಹ್ಯಾಂಡ್ಲರ್‌ಗೆ ಕೊಟ್ಟು ಮುಂದೆ ಹೋಗುತ್ತದೆ. ಲಾಗ್‌ನಲ್ಲಿ ಒಂದು ಗುರುತು ಉಳಿಯುತ್ತದೆ, ಪರದೆ ಮಾಮೂಲಿನಂತೆ ಕಾಣುತ್ತದೆ. ಫ್ಲ್ಯಾಗ್ ಇಳಿಸುವ ಸಾಲನ್ನು ಫೈನಲಿ ಬ್ಲಾಕ್‌ಗೆ (ಎಕ್ಸೆಪ್ಶನ್ ಬಂದರೂ ಓಡುವ ಭಾಗಕ್ಕೆ) ಹಾಕಿ ಇದನ್ನು ಸರಿ ಮಾಡಿದರು.

ಯಾವ ಫಾರ್ಮೂ ತೆರೆದಿಲ್ಲ, ಆದರೂ

ಈ ನಡುವೆ ಟೆಸ್ಟರ್ ಹಳೆಯ ಆವೃತ್ತಿಯಲ್ಲೇ ಇನ್ನೊಂದು ವಿಷಯ ಕಂಡುಹಿಡಿದಿದ್ದರು. ಯಾವ ಫಾರ್ಮೂ ತೆರೆದಿಲ್ಲದಿರುವಾಗ ದಶಮಾಂಶ ಸ್ಥಾನ ಬದಲಾಯಿಸಿದರೂ ಲೇಬಲ್‌ಗಳ ಅಳತೆ ಬದಲಾಗುತ್ತಿತ್ತು. ಎಲ್ಲ ಲೇಬಲ್‌ಗಳದ್ದಲ್ಲ, ಅಪ್ಲಿಕೇಶನ್ ಶುರುವಾದ ಮೇಲೆ ಒಮ್ಮೆಯಾದರೂ ತೆರೆದು ಮುಚ್ಚಿದವುಗಳದ್ದು. ಇಡೀ ದಿನ ಅಪ್ಲಿಕೇಶನ್ ತೆರೆದಿಟ್ಟವರಿಗೆ ಸೆಟ್ಟಿಂಗ್ ಬದಲಾವಣೆ ನಿಧಾನ ಅನ್ನಿಸುತ್ತಿದ್ದದ್ದೂ ಇದರಿಂದಲೇ.

ಕಾರಣ ಹಳೆಯದು, ಪ್ರತಿಯೊಂದು ಯುಐ ಚೌಕಟ್ಟಿನಲ್ಲೂ ಜನ ಎಡವಿದ್ದೇ. ಸೆಟ್ಟಿಂಗ್ಸ್ ವಸ್ತು ಅಪ್ಲಿಕೇಶನ್ ಇರುವವರೆಗೂ ಬದುಕಿರುತ್ತದೆ. ಅದರ ಪ್ರಾಪರ್ಟಿ ತನ್ನ ಲಿಸನರ್‌ಗಳನ್ನು ಹಿಡಿದುಕೊಂಡಿರುತ್ತದೆ. ಲಿಸನರ್ ಅಂದರೆ ಇಲ್ಲಿ ಮೆಥಡ್ ರೆಫರೆನ್ಸ್ (ಫಾರ್ಮ್‌ನದೇ ಒಂದು ಮೆಥಡನ್ನು ಹೆಸರಿಸಿ ಕೊಡುವುದು), ಅದು ಫಾರ್ಮನ್ನು ಹಿಡಿದುಕೊಂಡಿರುತ್ತದೆ. ಫಾರ್ಮ್ ತನ್ನ ಫೀಲ್ಡ್‌ಗಳನ್ನು, ಪ್ರಿವ್ಯೂವನ್ನು, ಲೇಬಲ್‌ನ ಡೇಟಾವನ್ನು. ಕಿಟಕಿ ಮುಚ್ಚಿದರೂ ಈ ಸರಪಳಿ ಕಡಿಯುವುದಿಲ್ಲ. ಹೀಪ್ ಡಂಪ್ (ಆ ಕ್ಷಣದಲ್ಲಿ ಮೆಮೊರಿಯಲ್ಲಿರುವ ವಸ್ತುಗಳ ಪ್ರತಿ) ತೆಗೆದು ನೋಡಿದಾಗ ಆ ದಿನ ತೆರೆದ ಫಾರ್ಮ್‌ಗಳೆಲ್ಲ ಅಲ್ಲೇ ಇದ್ದವು. ಪ್ರತಿಯೊಂದರಿಂದಲೂ ಬೇರು ಹಿಡಿದು ಹೋದರೆ ಸೆಟ್ಟಿಂಗ್ಸ್‌ಗೇ ಬಂದು ಸೇರುತ್ತಿತ್ತು.

ವಿಚಿತ್ರ ಏನೆಂದರೆ, ಫಾರ್ಮ್ ಮುಚ್ಚುವಾಗ ಲಿಸನರ್ ತೆಗೆಯುವ ಸಾಲು ಕೋಡ್‌ನಲ್ಲಿ ಇತ್ತು! ಸೇರಿಸುವಾಗ ಆಡ್‌ಲಿಸನರ್‌ಗೆ ಮೆಥಡ್ ರೆಫರೆನ್ಸ್ ಕೊಟ್ಟಿದ್ದರು, ತೆಗೆಯುವಾಗ ರಿಮೂವ್‌ಲಿಸನರ್‌ಗೂ ಅದೇ ಮೆಥಡ್ ರೆಫರೆನ್ಸ್ ಬರೆದಿದ್ದರು. ಓದುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಓಡುವಾಗ ಎರಡು ಕಡೆಯೂ ಬೇರೆ ಬೇರೆ ವಸ್ತು ಹುಟ್ಟುತ್ತದೆ. ತೆಗೆಯಲು ಹೋದದ್ದು ಪಟ್ಟಿಯಲ್ಲಿ ಸಿಗುವುದಿಲ್ಲ. ಸಿಗದಿದ್ದರೆ ರಿಮೂವ್‌ಲಿಸನರ್ ದೂರುವುದೂ ಇಲ್ಲ, ಸದ್ದಿಲ್ಲದೆ ವಾಪಸಾಗುತ್ತದೆ. ಕೋಡ್ ಪರಿಶೀಲನೆಯಲ್ಲಿ ಇಂಥ ಜೋಡಿ ಕಂಡರೆ ಅಲ್ಲೇ ನಿಂತು ನೋಡಬೇಕು. ಲಿಸನರನ್ನು ಫಾರ್ಮ್‌ನ ಕೋಡ್‌ನ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಸೇರಿಸುವಾಗಲೂ ತೆಗೆಯುವಾಗಲೂ ಅದನ್ನೇ ಕೊಡಬೇಕು.

ತಂಡ ಆ ದಾರಿ ಹಿಡಿಯಲಿಲ್ಲ. ತೆಗೆಯುವುದನ್ನು ಯಾರಾದರೂ ಮತ್ತೆ ಮರೆಯಬಹುದು ಅಂತ ವೀಕ್ ಚೇಂಜ್ ಲಿಸನರ್‌ಗೆ ಹೋದರು. ಅದು ನಿಜವಾದ ಲಿಸನರನ್ನು ದುರ್ಬಲ ರೆಫರೆನ್ಸ್‌ನಿಂದ ಮಾತ್ರ ಹಿಡಿದಿರುತ್ತದೆ, ಹಾಗಾಗಿ ಗಾರ್ಬೇಜ್ ಕಲೆಕ್ಟರ್ (ಯಾರೂ ಗಟ್ಟಿಯಾಗಿ ಹಿಡಿದಿಲ್ಲದ ವಸ್ತುಗಳನ್ನು ಮೆಮೊರಿಯಿಂದ ತೆಗೆಯುವ ಭಾಗ) ಫಾರ್ಮನ್ನು ಒಯ್ಯಬಹುದು. ಮೆಮೊರಿ ಸೋರುವುದು ನಿಂತಿತು. ಆದರೆ ತೆರೆದಿದ್ದ ಫಾರ್ಮ್‌ಗಳೂ ಸ್ವಲ್ಪ ಹೊತ್ತಿನ ಮೇಲೆ ಸೆಟ್ಟಿಂಗ್ ಬದಲಾವಣೆಗೆ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿದವು. ನಿಜವಾದ ಲಿಸನರನ್ನು ಲ್ಯಾಂಬ್ಡಾ ಆಗಿ, ಅಂದರೆ ಹೆಸರಿಲ್ಲದ ಚಿಕ್ಕ ಫಂಕ್ಷನ್ ಆಗಿ, ನೇರವಾಗಿ ವೀಕ್ ಲಿಸನರ್ ಒಳಗೇ ಬರೆದಿದ್ದರು. ಅದನ್ನು ಬೇರೆ ಯಾರೂ ಹಿಡಿದಿರಲಿಲ್ಲ, ಹಾಗಾಗಿ ಗಾರ್ಬೇಜ್ ಕಲೆಕ್ಟರ್ ಮೊದಲು ಒಯ್ದದ್ದು ಅದನ್ನೇ. ಡೆವಲಪರ್‌ಗಳು ಅಪ್ಲಿಕೇಶನನ್ನು ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತಿದ್ದರಿಂದ ಅವರಿಗೆ ಇದು ಕಾಣಲೇ ಇಲ್ಲ.

ಬೈಂಡಿಂಗ್‌ಗಳಲ್ಲೂ ಇದೇ ಗುಂಡಿ ಇದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ಪ್ರಾಪರ್ಟಿಗಳನ್ನು ಕೂಡಿಸಿ, ಬಂದ ಬೈಂಡಿಂಗ್‌ಗೆ ಆ ಸಾಲಿನಲ್ಲೇ ಲಿಸನರ್ ಸೇರಿಸಿದರೆ, ಆ ಬೈಂಡಿಂಗನ್ನು ಗಟ್ಟಿಯಾಗಿ ಹಿಡಿದವರು ಯಾರೂ ಇರುವುದಿಲ್ಲ. ಮೂಲ ಪ್ರಾಪರ್ಟಿಗಳು ಅದನ್ನು ದುರ್ಬಲವಾಗಿ ಮಾತ್ರ ಹಿಡಿದಿರುತ್ತವೆ. ಅದು ಯಾವಾಗ ಬೇಕಾದರೂ ಮಾಯವಾಗಬಹುದು, ಜೊತೆಗೆ ನಿಮ್ಮ ಲಿಸನರ್ ಕೂಡ.

ಲ್ಯಾಂಬ್ಡಾವನ್ನು ಫಾರ್ಮ್‌ನ ವೇರಿಯಬಲ್‌ನಲ್ಲಿಟ್ಟ ಮೇಲೆ ತೆರೆದ ಫಾರ್ಮ್‌ಗಳು ಸರಿಯಾದವು. ಅಷ್ಟಕ್ಕೇ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ನನಗೆ ಒಪ್ಪಿಗೆಯಾಗಲಿಲ್ಲ. ಗಾರ್ಬೇಜ್ ಕಲೆಕ್ಟರ್ ಯಾವಾಗ ಓಡುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಫಾರ್ಮ್ ಮುಚ್ಚಿದ ಮೇಲೆ, ಅದು ಓಡುವವರೆಗೆ, ಮುಚ್ಚಿದ ಫಾರ್ಮ್ ಕೇಳುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಅದು ಡೇಟಾಗೆ ಬರೆಯುವುದಿಲ್ಲ ಅಂತ ಕಾಯುತ್ತಿರುವುದು ಒಂದು ಫ್ಲ್ಯಾಗ್ ಮಾತ್ರ. ದುರ್ಬಲ ಲಿಸನರ್ ಮೆಮೊರಿಯ ಪ್ರಶ್ನೆಗೆ ಉತ್ತರ. ನಮ್ಮ ಮುಂದಿದ್ದ ಪ್ರಶ್ನೆ ಬೇರೆ: ಮುಚ್ಚಿದ ಫಾರ್ಮ್‌ಗೆ ಅಳತೆ ಬದಲಾಯಿಸುವ ಅಧಿಕಾರ ಯಾಕಿರಬೇಕು?

ತಿರುವು

ಆ ಪ್ರಶ್ನೆ ಇಟ್ಟುಕೊಂಡು ಎಲ್ಲರೂ ಬೋರ್ಡ್ ಮುಂದೆ ಕೂತೆವು. ಸೆಂಟಿಮೀಟರ್ ಫೀಲ್ಡ್, ಇಂಚಿನ ಫೀಲ್ಡ್, ಡೇಟಾ, ಸೆಟ್ಟಿಂಗ್ಸ್, ಪ್ರಿವ್ಯೂ, ಅನ್‌ಡೂ ಪಟ್ಟಿ. ಯಾವುದು ಯಾವುದನ್ನು ಬದಲಾಯಿಸುತ್ತದೆ ಅಂತ ಬಾಣ ಎಳೆಯುತ್ತಾ ಹೋದೆವು. ಫೀಲ್ಡ್‌ಗಳ ನಡುವೆ ಎರಡೂ ದಿಕ್ಕಿಗೆ ಬಾಣ. ಫೀಲ್ಡ್‌ಗಳಿಂದ ಡೇಟಾಗೆ, ಡೇಟಾದಿಂದ ಫೀಲ್ಡ್‌ಗಳಿಗೆ. ಸೆಟ್ಟಿಂಗ್ಸ್‌ನಿಂದ ಫೀಲ್ಡ್‌ಗಳಿಗೆ, ಅಲ್ಲಿಂದ ಸುತ್ತಿ ಡೇಟಾಗೆ. ಹಿರಿಯರು ಚಿತ್ರ ನೋಡುತ್ತಾ ಕೇಳಿದರು: "ಸರಿ, ಈ ಎತ್ತರಕ್ಕೆ ಯಜಮಾನ ಯಾರು?"

ಉತ್ತರ ಕೊಡಲು ಆಗಲಿಲ್ಲ. ಮೂರು ಕಡೆ ಮೂರು ಪ್ರತಿಗಳಿದ್ದವು, ಎರಡು ಪಠ್ಯವಾಗಿ, ಒಂದು ದಶಮಾಂಶ ಸಂಖ್ಯೆಯಾಗಿ. ಮೂರಕ್ಕೂ ಉಳಿದೆರಡನ್ನು ತಿದ್ದುವ ಹಕ್ಕಿತ್ತು. ಫ್ಲ್ಯಾಗ್‌ಗಳೆಲ್ಲ ಈ ಜಗಳ ಬಿಡಿಸಲು ಇಟ್ಟವು. ಅಲ್ಲಿಗೆ ಚರ್ಚೆಯ ದಿಕ್ಕು ಬದಲಾಯಿತು. ಲಿಸನರ್‌ಗಳನ್ನು ಹೇಗೆ ಸುಮ್ಮನಿರಿಸುವುದು ಅನ್ನುವುದನ್ನು ಬಿಟ್ಟು, ಯಾರಿಗೆ ಬರೆಯುವ ಹಕ್ಕು ಕೊಡಬೇಕು ಅಂತ ಮಾತಾಡತೊಡಗಿದೆವು.

ತೀರ್ಮಾನ ಹೀಗಾಯಿತು. ಯಜಮಾನ ಡೇಟಾ ಒಂದೇ. ಅಳತೆಯನ್ನು ಮೈಕ್ರೋಮೀಟರ್‌ನಲ್ಲಿ, ಪೂರ್ಣಾಂಕವಾಗಿ ಇಡುವುದು. 2 ಸೆಂಟಿಮೀಟರ್ ಅಂದರೆ 20000. ಒಂದು ಇಂಚು 25.4 ಮಿಲಿಮೀಟರ್ ಅನ್ನುವುದು ನಿಖರವಾದ ವ್ಯಾಖ್ಯೆ, ಹಾಗಾಗಿ ಇಂಚಿಗೆ 25400. 5/8 ಇಂಚು 15875 ಆಗುತ್ತದೆ, ಚೂರೂ ಉಳಿಯುವುದಿಲ್ಲ. ಎರಡೂ ಫೀಲ್ಡ್‌ಗಳು ಡೇಟಾವನ್ನು ನೋಡಿ ತೋರಿಸುತ್ತವೆ, ಒಂದನ್ನೊಂದು ನೋಡುವುದಿಲ್ಲ. ಲಿಸನರ್ ಒಳಗಿಂದ ಡೇಟಾಗೆ ಬರೆಯುವ ಹಾಗೇ ಇಲ್ಲ. ಬಳಕೆದಾರ ಎಂಟರ್ ಒತ್ತಿದಾಗ ಅಥವಾ ಫೀಲ್ಡ್‌ನಿಂದ ಆಚೆ ಹೋದಾಗ ಮಾತ್ರ ಬರೆಯುವುದು, ಅದಕ್ಕೆ ಒಂದೇ ಮೆಥಡ್.

ಒಂದು ಆಕ್ಷೇಪ ಬಂತು, ಅದು ನ್ಯಾಯವಾದದ್ದೇ. ಟೈಪ್ ಮಾಡುತ್ತಿರುವಾಗಲೇ ಇನ್ನೊಂದು ಫೀಲ್ಡ್ ಬದಲಾಗುವುದು ಬಳಕೆದಾರರಿಗೆ ಇಷ್ಟವಾಗಿತ್ತು. ಅದನ್ನು ಬಿಟ್ಟುಕೊಡಬೇಕಾ? ಟೈಪ್ ಮಾಡುವಾಗ ಇನ್ನೊಂದು ಘಟಕದ ಅಳತೆಯನ್ನು ಪಕ್ಕದಲ್ಲಿ ತಿಳಿ ಬಣ್ಣದ ಬರಹದಲ್ಲಿ ತೋರಿಸೋಣ ಅಂತ ಒಪ್ಪಿಕೊಂಡೆವು. ಅದು ಬರೀ ತೋರಿಕೆ, ಅದಕ್ಕೆ ಯಾರೂ ಕಿವಿಗೊಡುವುದಿಲ್ಲ.

ಬೈಂಡ್ ಬಳಸಬಾರದಾ ಅಂತಲೂ ಒಬ್ಬರು ಕೇಳಿದರು. ಒಮ್ಮುಖವಾಗಿ ಬೈಂಡ್ ಮಾಡಿದ ಪ್ರಾಪರ್ಟಿಗೆ ಕೋಡ್‌ನಿಂದ ಮೌಲ್ಯ ಹಾಕಿದರೆ ಎಕ್ಸೆಪ್ಶನ್ ಬರುತ್ತದೆ, ಆ ಫೀಲ್ಡ್‌ನಲ್ಲಿ ಟೈಪ್ ಮಾಡುವುದೂ ಆಗುವುದಿಲ್ಲ. ತಿಳಿ ಬಣ್ಣದ ಬರಹಕ್ಕೆ ಅದು ಸರಿಯಾಗಿ ಹೊಂದಿತು, ಟೈಪ್ ಮಾಡುವ ಫೀಲ್ಡ್‌ಗಳಿಗಲ್ಲ.

ಜಾರಿಗೆ ತಂದಾಗ ಸಿಕ್ಕ ಎರಡು ತೊಡಕು

ಫೀಲ್ಡ್‌ಗೆ ಟೆಕ್ಸ್ಟ್ ಫಾರ್ಮ್ಯಾಟರ್ ಹಾಕಿದರೆ ಎಂಟರ್ ಒತ್ತಿದಾಗ ಮತ್ತು ಫೋಕಸ್ ಹೋದಾಗ ಪಠ್ಯವನ್ನು ಮೌಲ್ಯವಾಗಿ ಮಾಡುವ ಕೆಲಸ ತಾನಾಗಿ ಆಗುತ್ತದೆ. ಬೇಕಾಗಿದ್ದದ್ದು ಅದೇ. ಆದರೆ ಟೆಸ್ಟರ್ ಮೊದಲು ಮಾಡಿದ್ದು ಏನನ್ನೂ ಟೈಪ್ ಮಾಡದೆ ಟ್ಯಾಬ್ ಒತ್ತುತ್ತಾ ಫೀಲ್ಡ್‌ಗಳನ್ನು ದಾಟಿದ್ದು. ಇಂಚಿನ ಫೀಲ್ಡ್ ದಾಟಿದ ಕೂಡಲೇ ಎತ್ತರ 20066 ಆಯಿತು! ಫೀಲ್ಡ್‌ನಲ್ಲಿ 0.79 ಅಂತ ಇತ್ತು. ಫೋಕಸ್ ಹೋದಾಗ ಫಾರ್ಮ್ಯಾಟರ್ ಅದನ್ನು ಓದಿ 25400ರಿಂದ ಗುಣಿಸಿತು. ಹಳೆಯ ಬಗ್ ಹೊಸ ಬಾಗಿಲಿನಿಂದ ಒಳಗೆ ಬಂದಿತ್ತು. ಕನ್ವರ್ಟರ್‌ನಲ್ಲಿ ಒಂದು ನಿಯಮ ಸೇರಿಸಿದರು: ಈಗಿರುವ ಪಠ್ಯ ನಾವೇ ತೋರಿಸಿದ ಪಠ್ಯವೇ ಆಗಿದ್ದರೆ, ಇದ್ದ ಮೌಲ್ಯವನ್ನೇ ವಾಪಸ್ ಕೊಡು. ಬಳಕೆದಾರ ನಿಜವಾಗಿ ತಿದ್ದಿ 0.79 ಹಾಕಿದರೆ 20066 ಆಗುವುದು ಸರಿಯೇ, ಅವನು ಕೇಳಿದ್ದೇ ಅದು ಅಲ್ವಾ.

ಇನ್ನೊಂದು ತೊಡಕು ಪ್ರಿವ್ಯೂದು. ಎತ್ತರ, ಅಗಲ, ಮೂಲೆಯ ದುಂಡು, ಅಕ್ಷರದ ಗಾತ್ರ, ನಾಲ್ಕಕ್ಕೂ ಚೇಂಜ್ ಲಿಸನರ್ ಇದ್ದು ಪ್ರತಿಯೊಂದೂ ಪ್ರಿವ್ಯೂ ಬಿಡಿಸುತ್ತಿತ್ತು. ಟೆಂಪ್ಲೇಟ್ ಆರಿಸಿದರೆ ನಾಲ್ಕೂ ಬದಲಾಗಿ ನಾಲ್ಕು ಸಲ ಬಿಡಿಸುವುದು. ಇದಕ್ಕೆ ಇನ್‌ವ್ಯಾಲಿಡೇಶನ್ ಲಿಸನರ್ ಸೂಕ್ತ ಅಂತ ನಾಲ್ಕನ್ನೂ ಬದಲಾಯಿಸಿದರು, ಲಿಸನರ್ ಒಳಗೆ "ಮತ್ತೆ ಜೋಡಿಸಬೇಕು" ಅಂತ ತಿಳಿಸುವ ರಿಕ್ವೆಸ್ಟ್‌ಲೇಔಟ್ ಮಾತ್ರ ಕರೆದರು. ಎಷ್ಟು ಸಲ ಕರೆದರೂ ಮುಂದಿನ ಪಲ್ಸ್‌ನಲ್ಲಿ (ಪರದೆ ಹೊಸದಾಗುವ ಸರದಿಯಲ್ಲಿ) ಒಮ್ಮೆ ಬಿಡಿಸಿದರೆ ಸಾಕು. ಯೋಚನೆ ಚೆನ್ನಾಗಿತ್ತು. ಆದರೆ ಅಕ್ಷರದ ಗಾತ್ರ ಮೊದಲ ಸಲ ಬದಲಾದಾಗ ಮಾತ್ರ ಪ್ರಿವ್ಯೂ ಹೊಸದಾಗುತ್ತಿತ್ತು, ಆಮೇಲೆ ಇಲ್ಲ.

ಏನಾಗಿದೆ ನೋಡೋಣ ಅಂತ ಒಬ್ಬರು ಆ ಪ್ರಾಪರ್ಟಿಗೆ ಲಾಗ್ ಬರೆಯುವ ಒಂದು ಚೇಂಜ್ ಲಿಸನರ್ ಸೇರಿಸಿದರು. ಬಗ್ ಮಾಯವಾಯಿತು. ತೆಗೆದರೆ ಮತ್ತೆ ಬಂತು. ಇದು ತಂಡವನ್ನು ತುಂಬಾ ಗೊಂದಲಕ್ಕೆ ತಳ್ಳಿತು, ಆದರೆ ಕಾರಣ ತಿಳಿದ ಮೇಲೆ ಎಲ್ಲ ಹೊಂದಿಕೊಂಡಿತು. ಪ್ರಾಪರ್ಟಿ ಒಮ್ಮೆ "ಹಳತಾಗಿದೆ" ಅಂತ ಹೇಳಿದ ಮೇಲೆ, ಯಾರಾದರೂ ಅದರ ಮೌಲ್ಯ ಓದುವವರೆಗೆ ಮತ್ತೆ ಹೇಳುವುದಿಲ್ಲ. ಪ್ರಿವ್ಯೂ ಬಿಡಿಸುವ ಕೋಡ್ ಅಕ್ಷರದ ಗಾತ್ರವನ್ನು ಆ ಪ್ರಾಪರ್ಟಿಯಿಂದ ಓದುತ್ತಿರಲಿಲ್ಲ, ಆಗಲೇ ಗಾತ್ರ ಹೊಂದಿಸಿದ್ದ ಫಾಂಟ್ ವಸ್ತುವನ್ನು ಬಳಸುತ್ತಿತ್ತು. ಚೇಂಜ್ ಲಿಸನರ್ ಇದ್ದರೆ ಹೊಸ ಮೌಲ್ಯ ಕೊಡಲಿಕ್ಕಾಗಿ ಜಾವಾಎಫ್‌ಎಕ್ಸ್ ತಾನೇ ಓದುತ್ತದೆ, ಹಾಗಾಗಿ ಪ್ರಾಪರ್ಟಿ ಮತ್ತೆ ಹೇಳಲು ಸಿದ್ಧವಾಗುತ್ತದೆ. ಪ್ರಿವ್ಯೂ ಬಿಡಿಸುವಾಗ ನಾಲ್ಕೂ ಪ್ರಾಪರ್ಟಿಗಳನ್ನು ನೇರವಾಗಿ ಓದುವ ಹಾಗೆ ಮಾಡಿದ ಮೇಲೆ ಸರಿಯಾಯಿತು.

ಮೂಲೆಯ ದುಂಡನ್ನು ಬದಲಾಯಿಸುವ ಸ್ಲೈಡರ್‌ಗೂ ಇದೇ ಬಗೆಯ ತಿದ್ದುಪಡಿ ಬೇಕಾಯಿತು. ಎಳೆಯುತ್ತಿರುವಾಗ ಅದರ ಮೌಲ್ಯ ಎಡೆಬಿಡದೆ ಬದಲಾಗಿ ಅನ್‌ಡೂ ಪಟ್ಟಿ ತುಂಬಿಹೋಗುತ್ತಿತ್ತು. ವ್ಯಾಲ್ಯೂಚೇಂಜಿಂಗ್ ಅನ್ನುವ ಪ್ರಾಪರ್ಟಿ ಎಳೆತ ನಡೆಯುತ್ತಿದೆಯಾ ಅಂತ ಹೇಳುತ್ತದೆ. ಎಳೆಯುವಾಗ ಪ್ರಿವ್ಯೂ ಮಾತ್ರ, ಬಿಟ್ಟಾಗ ಅನ್‌ಡೂಗೆ ಒಂದು ದಾಖಲೆ. ಕೀಬೋರ್ಡ್‌ನಿಂದ ಸರಿಸಿದರೆ ಎಳೆತ ಅನ್ನುವುದೇ ಇರುವುದಿಲ್ಲ, ಹಾಗಾಗಿ ಎರಡೂ ಪ್ರಾಪರ್ಟಿಗಳನ್ನು ಕೇಳಬೇಕು.

ಫಲಿತಾಂಶ

ಫ್ಲ್ಯಾಗ್‌ಗಳೆಲ್ಲ ಹೋದವು. ಅವುಗಳ ಅಗತ್ಯವೇ ಉಳಿದಿರಲಿಲ್ಲ. ಅನ್‌ಡೂ ಕೂಡ ಸರಿಯಾಯಿತು, ಒಂದು ತಿದ್ದುಪಡಿಗೆ ಒಂದೇ ದಾಖಲೆ. ಅದನ್ನು ಸರಿಪಡಿಸಲು ಬೇರೆ ಕೆಲಸ ಮಾಡಬೇಕಾಗಲಿಲ್ಲ.

ಮುಚ್ಚಿದ ಫಾರ್ಮ್ ಈಗ ಕೇಳಿದರೂ ಏನನ್ನೂ ಬರೆಯಲಾರದು. ಆದರೂ ಕೇಳುವುದನ್ನು ನಿಲ್ಲಿಸಲೇಬೇಕು ಅಂತ ತೀರ್ಮಾನಿಸಿದೆವು. ಅದಕ್ಕಾಗಿ ಜಾವಾಎಫ್‌ಎಕ್ಸ್ 21ಕ್ಕೆ ಹೋದರು. ಆ ಆವೃತ್ತಿಯಲ್ಲಿ ಸಬ್‌ಸ್ಕ್ರೈಬ್ ಅನ್ನುವ ಮೆಥಡ್ ಬಂದಿದೆ. ಅದು ಒಂದು ಸಬ್‌ಸ್ಕ್ರಿಪ್ಶನ್ ವಸ್ತುವನ್ನು ವಾಪಸ್ ಕೊಡುತ್ತದೆ, ಅದರ ಮೇಲೆ ಅನ್‌ಸಬ್‌ಸ್ಕ್ರೈಬ್ ಕರೆದರೆ ಆಯಿತು. ತೆಗೆಯುವಾಗ ಅದೇ ಲಿಸನರನ್ನು ಮತ್ತೆ ಹುಡುಕಿ ಕೊಡುವ ಕೆಲಸವಿಲ್ಲ, ಹಾಗಾಗಿ ಮೆಥಡ್ ರೆಫರೆನ್ಸ್‌ನ ಗೊಂದಲಕ್ಕೆ ಜಾಗವೇ ಇಲ್ಲ. ಫಾರ್ಮ್ ತನ್ನ ಸಬ್‌ಸ್ಕ್ರಿಪ್ಶನ್‌ಗಳನ್ನೆಲ್ಲ ಒಂದಾಗಿ ಸೇರಿಸಿಟ್ಟುಕೊಂಡು, ಮುಚ್ಚುವಾಗ ಒಂದೇ ಸಲ ಬಿಡುತ್ತದೆ. ವೀಕ್ ಲಿಸನರ್‌ಗಳನ್ನು ಈ ಪರದೆಯಿಂದ ಪೂರ್ತಿ ತೆಗೆದರು. ಫಾರ್ಮ್ ಯಾವಾಗ ಮುಗಿಯುತ್ತದೆ ಅಂತ ನಮಗೇ ಗೊತ್ತಿರುವಾಗ ಅದನ್ನು ಗಾರ್ಬೇಜ್ ಕಲೆಕ್ಟರ್‌ಗೆ ಬಿಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೋಡ್ ಸರಿಯಾದರೂ ಉಳಿಸಿದ ಫೈಲ್‌ಗಳು ತಾವಾಗಿ ಸರಿಯಾಗುವುದಿಲ್ಲ. ಎಷ್ಟೋ ಲೇಬಲ್‌ಗಳಲ್ಲಿ 2.01, 3.99, 7.01 ಕೂತಿದ್ದವು. ಎಲ್ಲವನ್ನೂ ಪೂರ್ಣ ಸಂಖ್ಯೆಗೆ ತಂದುಬಿಡೋಣ ಅಂತ ಮೊದಲು ಯೋಚಿಸಿದರು. ಆದರೆ ಯಾರೋ ಒಬ್ಬರು ಬೇಕೆಂದೇ 2.01 ಹಾಕಿರಬಹುದು. ಆ ಫೈಲ್ ನೋಡಿ ಅದನ್ನು ಹೇಳಲು ದಾರಿಯಿಲ್ಲ. ಬಳಕೆದಾರರ ಅಳತೆಯನ್ನು ಕೇಳದೆ ಬದಲಾಯಿಸಿದ್ದೇ ಮೂಲ ತಪ್ಪಾಗಿರುವಾಗ, ಅದನ್ನು ತಿದ್ದುವ ನೆಪದಲ್ಲಿ ಮತ್ತೆ ಅದನ್ನೇ ಮಾಡುವುದು ಬೇಡ ಅಂತ ಎಲ್ಲರೂ ಒಪ್ಪಿದರು. ಈಗ ಹಳೆಯ ಫೈಲ್ ತೆರೆದರೆ, ಇಂಚಿಗೆ ಹೋಗಿ ವಾಪಸ್ ಬಂದಾಗ ಹುಟ್ಟುವಂಥ ಅಳತೆಗಳನ್ನು ಹುಡುಕಿ ಒಂದು ಪಟ್ಟಿ ತೋರಿಸುತ್ತದೆ. ಪ್ರತಿ ಸಾಲಿನಲ್ಲಿ ಈಗಿನ ಅಳತೆ, ಮೊದಲು ಇದ್ದಿರಬಹುದಾದ ಅಳತೆ, ಪಕ್ಕದಲ್ಲಿ ಒಂದು ಚೆಕ್‌ಬಾಕ್ಸ್. ಬಳಕೆದಾರ ಗುರುತು ಹಾಕಿದವು ಮಾತ್ರ ಬದಲಾಗುತ್ತವೆ, ಉಳಿದವು ಇದ್ದಂತೆಯೇ ಇರುತ್ತವೆ.